ಪಾಳೆಯಗಾರನ ಹೆಂಡತಿಗೆ ಬೇರೆ ಹಾಳೆ

ಹೊಸ ಆವೃತ್ತಿ ಬೇಕು ಎಂದು ಹಟ ಹಿಡಿದವರಲ್ಲಿ ಒಬ್ಬರೂ ಹಳೆಯದನ್ನು ಓದಿರಲಿಲ್ಲ. ಆ ಆಟದ ನಿಯಮಗಳ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದವಳು ನಾನೊಬ್ಬಳೇ. ಆಡಲು ಪಾತ್ರವಿಲ್ಲದೆ ಕೂತಿದ್ದವಳೂ ನಾನೊಬ್ಬಳೇ. ಇವೆರಡಕ್ಕೂ ಸಂಬಂಧವಿದೆ ಎಂದು ನನಗೆ ಆಗಲೇ ಗೊತ್ತಿತ್ತು.

ಆಟ ಇಷ್ಟೇ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ತಾವು ಈಗ ಏನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಹೇಳಿದ್ದು ನಡೆಯುತ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. ಪ್ರತಿ ಪಾತ್ರಕ್ಕೂ ಒಂದು ಹಾಳೆ. ಅದರಲ್ಲಿ ಅವನ ಬಲ, ಬುದ್ಧಿ, ಕೈಯಲ್ಲಿರುವ ಆಯುಧ, ಮೈಮೇಲಿನ ಗಾಯ. ಹಾಳೆ ಇಲ್ಲದವನು ಆಟದಲ್ಲಿ ಇಲ್ಲ.

ಪುಸ್ತಕವನ್ನು ತಂದವನು ದೊಡ್ಡಪ್ಪನ ಮಗ. ಅವನನ್ನು ನಾನು ಅಣ್ಣ ಎನ್ನುತ್ತೇನೆ. ಮೈಸೂರಿನಲ್ಲಿ ಬಿ.ಎ. ಓದುವಾಗ ಹಾಸ್ಟೆಲಿನಲ್ಲಿ ಯಾರಿಂದಲೋ ಸಿಕ್ಕ ಜೆರಾಕ್ಸ್ ಪ್ರತಿ ಅದು. ಜೆರಾಕ್ಸಿನ ಜೆರಾಕ್ಸ್ ಎಂದರೆ ಸರಿ. ಕೆಲವು ಪುಟಗಳ ಅಂಚಿನಲ್ಲಿ ಯಾರದೋ ಹೆಬ್ಬೆರಳು ಅಚ್ಚಾಗಿತ್ತು. ಬಿ.ಎ. ಮುಗಿಸಿ ಅವನು ಊರಿಗೆ ಬಂದು ಗದ್ದೆ ನೋಡಿಕೊಳ್ಳತೊಡಗಿದ. ಕೃಷ್ಣರಾಜನಗರದಿಂದ ಮಿರ್ಲೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ನಾಲೆಯ ನೀರು, ಭತ್ತ, ಕಬ್ಬು. ನಾನು ಆಗ ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಶನಿವಾರ ಬಂದು ಭಾನುವಾರ ಹೋಗುತ್ತಿದ್ದೆ. ಪುಸ್ತಕ ಇಂಗ್ಲಿಷಿನಲ್ಲಿತ್ತು, ದಪ್ಪಗಿತ್ತು. ಅಣ್ಣ ಅದನ್ನು ನನ್ನ ಕೈಗೆ ಕೊಟ್ಟು, ಓದಿ ನಮಗೆ ಹೇಳು ಅಂದ. ಅಂದಿನಿಂದ ಕಥೆ ನಡೆಸುವ ಕೆಲಸ ನನ್ನದಾಯಿತು.

ಪುಸ್ತಕ ಕೇಳುವ ದಾಳಗಳು ನಾಲ್ಕು ಮುಖದವು, ಎಂಟು ಮುಖದವು, ಇಪ್ಪತ್ತು ಮುಖದವು. ಕೃಷ್ಣರಾಜನಗರದ ಅಂಗಡಿಯಲ್ಲಿ ಕೇಳಿದರೆ ಲೂಡೋ ದಾಳ ಕೊಟ್ಟರು. ಅಣ್ಣ ಒಳಗೆ ಹೋಗಿ ದೊಡ್ಡಮ್ಮ ಚೌಕಾಬಾರ ಆಡುತ್ತಿದ್ದ ನಾಲ್ಕು ಕವಡೆ ತಂದ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು. ನಾಲ್ಕೂ ಬೋರಲು ಬಿದ್ದರೆ ಎಂಟು. ನಾಲ್ಕು ಬಿದ್ದರೂ ಎಂಟು ಬಿದ್ದರೂ ಇನ್ನೊಮ್ಮೆ ಹಾಕುವ ಹಕ್ಕು. ಇದು ಚೌಕಾಬಾರದ ಪದ್ಧತಿ. ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅದು ಇಲ್ಲದ ಆಟವನ್ನು ಆಡಲು ಯಾರೂ ತಯಾರಿರಲಿಲ್ಲ.

ಇದರ ಪರಿಣಾಮವನ್ನು ಅವರಲ್ಲಿ ಯಾರೂ ಗಮನಿಸಲಿಲ್ಲ. ದಾಳದ ಮುಖಗಳೆಲ್ಲ ಸಮ, ಕವಡೆ ಹಾಗಲ್ಲ. ನಾಲ್ಕು ಕವಡೆ ಹಾಕಿದರೆ ಹೆಚ್ಚಾಗಿ ಬೀಳುವುದು ಎರಡು. ಹೀಗಾಗಿ ಎರಡು ವರ್ಷ ನಮ್ಮ ವೀರರೆಲ್ಲ ಎರಡರ ಮಟ್ಟಿಗೆ ವೀರರಾಗಿದ್ದರು. ಕತ್ತಿ ಬೀಸಿದರೆ ಅರ್ಧ ತಾಗುತ್ತಿತ್ತು. ಶತ್ರುವೂ ಅದೇ ಕವಡೆಯಿಂದ ಹೊಡೆಯುತ್ತಿದ್ದುದರಿಂದ ಯಾರೂ ಸಾಯಲಿಲ್ಲ. ಇದನ್ನು ಅವರು ತಮ್ಮ ಯುದ್ಧಕೌಶಲ ಎಂದುಕೊಂಡಿದ್ದರು.

ಆಡುತ್ತಿದ್ದವರು ಮೂವರು ಗಂಡಸರು. ಅಣ್ಣ ಪಾಳೆಯಗಾರ; ಬೇರೆ ಏನೂ ಆಗಲು ಅವನಿಗೆ ಸಾಧ್ಯವಿರಲಿಲ್ಲ. ಪಿರಿಯಾಪಟ್ಟಣದ ಅವನ ಹಾಸ್ಟೆಲ್ ಗೆಳೆಯ, ಮನೆಯಲ್ಲಿ ಹೊಗೆಸೊಪ್ಪು ಬೆಳೆಯುವವನು, ಹುಣಸೂರಿನಲ್ಲಿ ಬಸ್ಸು ಬದಲಿಸಿ ಬರುತ್ತಿದ್ದ. ಅವನು ಕೂಲಿ ಸೈನಿಕ. ಮೂರನೆಯವರು ನಮ್ಮೂರ ಪ್ರೈಮರಿ ಶಾಲೆಯ ಮೇಷ್ಟ್ರು, ಎಚ್.ಡಿ. ಕೋಟೆ ಕಡೆಯವರು, ಅವರು ಮಂತ್ರವಾದಿ. ಮೇಷ್ಟ್ರು ನನ್ನನ್ನು ‘ಭಾಗವತರೇ’ ಎಂದು ಕರೆಯುತ್ತಿದ್ದರು. ಬಯಲಾಟದಲ್ಲಿ ಭಾಗವತರು ಹಾಡಿದಂತೆ ವೇಷ ಕುಣಿಯುತ್ತದೆ. ನಮ್ಮಲ್ಲಿ ವೇಷಗಳು ಕುಣಿದದ್ದಕ್ಕೆ ನಾನು ಹಾಡು ಕಟ್ಟಬೇಕಿತ್ತು.

ಉದಾಹರಣೆಗೆ, ಒಂದು ಗುಹೆ. ಅದರೊಳಗೆ ಏನೇನಿದೆ ಎಂದು ನಾನು ಹಾಸ್ಟೆಲಿನಲ್ಲಿ ಒಂದು ವಾರ ಕೂತು ಬರೆದಿದ್ದೆ. ಮೂವರೂ ಗುಹೆಯ ಬಾಯಲ್ಲಿ ನಿಂತು, ಇದು ಯಾವ ಸರ್ವೆ ನಂಬರಿನಲ್ಲಿದೆ ಎಂದು ಕೇಳಿದರು. ಬಾಗಿಲಲ್ಲೇ ಒಂದಿಷ್ಟು ಚಿನ್ನ ಸಿಕ್ಕಿತು. ಅದನ್ನು ಎತ್ತಿಕೊಂಡು ವಾಪಸು ಬಂದು ನಾಲೆಯ ಕೆಳಗೆ ಗದ್ದೆ ಕೊಂಡರು. ಒಳಗಿದ್ದ ರಾಕ್ಷಸ ಇವತ್ತಿಗೂ ಅಲ್ಲೇ ಇರಬೇಕು. ಎರಡು ವರ್ಷದಲ್ಲಿ ಪಾಳೆಯಗಾರನ ಹಾಳೆಯಲ್ಲಿ ಆಯುಧದ ಕಾಲಮ್ಮಿಗಿಂತ ಜಮೀನಿನ ಕಾಲಮ್ಮು ಉದ್ದವಾಯಿತು. ನಾನು ಅದಕ್ಕೆ ಬೇರೆ ಕಾಗದ ಅಂಟಿಸಿದೆ.

ಅತ್ತಿಗೆ ಆಟಕ್ಕೆ ಬಂದದ್ದು ಆರಂಭದ ದಿನಗಳಲ್ಲೇ. ಅಣ್ಣನ ಹೆಂಡತಿ, ಹನಗೋಡಿನ ಹತ್ತಿರದ ಹಳ್ಳಿಯವರು, ಹುಣಸೂರಿನಲ್ಲಿ ಪಿ.ಯು.ಸಿ.ವರೆಗೆ ಓದಿದವರು, ನನಗಿಂತ ಎರಡು ವರ್ಷ ದೊಡ್ಡವರು. ಅವರು ಮದುವೆಯಾಗಿ ಬಂದ ವರ್ಷ ಭತ್ತದ ಸಸಿ ಬೆಳೆಸುವ ಒಟ್ಲಿಗೆ ಮೊದಲ ಹಿಡಿ ಬೀಜ ಚೆಲ್ಲಿದ್ದರು. ಸಸಿ ಎಲ್ಲರ ಪಾತಿಗಿಂತ ಚೆನ್ನಾಗಿ ಬಂತು. ಅಲ್ಲಿಂದ ಅವರ ಕೈಗುಣ ಚೆನ್ನಾಗಿದೆ ಎಂದು ಮನೆಯಲ್ಲಿ ಹೆಸರಾಯಿತು. ಹೆಪ್ಪು ಹಾಕಲು ಅವರ ಕೈ, ಸಂತೆಯಲ್ಲಿ ತಂದ ಕೋಳಿಯನ್ನು ಮೊದಲು ಪಂಜರಕ್ಕೆ ಬಿಡಲು ಅವರ ಕೈ. ಒಂದು ಭಾನುವಾರ ಅಣ್ಣನಿಗೆ ಏಳೆಂಟು ಸಲ ಒಂದೇ ಬಿತ್ತು. ಕಾಫಿ ತಂದಿಟ್ಟ ಅತ್ತಿಗೆಯ ಕೈಗೆ ಅವನು ಕವಡೆ ಕೊಟ್ಟ. ಎಂಟು ಬಿತ್ತು.

ಅಂದಿನಿಂದ ಪಾಳೆಯಗಾರನ ಕವಡೆಗಳನ್ನೆಲ್ಲ ಅತ್ತಿಗೆಯೇ ಹಾಕತೊಡಗಿದರು. ಭಾನುವಾರ ಮಧ್ಯಾಹ್ನ ಅವರನ್ನು ಅಡುಗೆಮನೆಯಿಂದ ಬಿಡಲು ದೊಡ್ಡಮ್ಮನೂ ತಕರಾರು ಮಾಡಲಿಲ್ಲ. ಮಗನಿಗೆ ಒಳ್ಳೆಯದಾಗುವುದಾದರೆ ಪಾತ್ರೆ ಸ್ವಲ್ಪ ಕಾದರೆ ಏನಂತೆ. ಅತ್ತಿಗೆಯನ್ನು ಆಟದಲ್ಲಿ ಏನೆಂದು ಬರೆಯುವುದು ಎಂಬ ಪ್ರಶ್ನೆ ಬಂದಾಗ ನಾನು ಅರ್ಧ ಹಾಳೆಯಲ್ಲಿ ‘ಪಾಳೆಯಗಾರನ ಹೆಂಡತಿ’ ಎಂದು ಬರೆದು, ಅಣ್ಣನ ಹಾಳೆಯ ಹಿಂದಕ್ಕೆ ಪಿನ್ ಹೊಡೆದೆ. ಆ ಅರ್ಧ ಹಾಳೆಯಲ್ಲಿ ಬಲ, ಬುದ್ಧಿ, ಆಯುಧ ಏನನ್ನೂ ತುಂಬಲಿಲ್ಲ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ.

ಹೊಸ ಆವೃತ್ತಿಯ ಸುದ್ದಿ ತಂದವನು ಪಿರಿಯಾಪಟ್ಟಣದ ಗೆಳೆಯ. ಹಾಸ್ಟೆಲಿನ ಹಳೆಯ ಗೆಳೆಯನೊಬ್ಬ ಸಿಕ್ಕಿದ್ದನಂತೆ. ಹೊರದೇಶದಲ್ಲಿ ಆ ಪುಸ್ತಕದ ಹೊಸ ಆವೃತ್ತಿ ಬಂದು ನಿಯಮಗಳೆಲ್ಲ ಬದಲಾಗಿವೆಯಂತೆ. ಏನು ಬದಲಾಗಿದೆ ಎಂದು ನಾನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

“ಅವ್ರೇ ಬದ್ಲಾಯ್ಸ್ಕೊಂಡವ್ರೆ ಅಂದ್ಮೇಲೆ ನಾವ್ಯಾಕೆ ಸಿಸ್ಟರ್ ಹಳೇದ್ರಲ್ಲೇ ಕೊಳೀಬೇಕು?” ಎಂದ.

ಪುಸ್ತಕ ತರಿಸುವ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ಹೊಸ ಆವೃತ್ತಿಯನ್ನು ನಾವೇ ಮಾಡಿಕೊಳ್ಳುವುದು, ಬರೆಯುವುದು ನಾನು ಎಂದು ತೀರ್ಮಾನವಾಯಿತು. ನನಗೆ ಒಳಗೊಳಗೇ ಸಂತೋಷವಾಯಿತು. ಕವಡೆಗೆ ಸರಿಹೊಂದುವ ಪಟ್ಟಿಗಳನ್ನು ಲೆಕ್ಕ ಹಾಕಬಹುದು, ಆಟದಲ್ಲಿ ಗೆಲುವೂ ಸೋಲೂ ನಿಜವಾಗಿ ಬರುವಂತೆ ಮಾಡಬಹುದು ಎಂದುಕೊಂಡೆ. ಆಡುವವರಿಗೆ ಬೇಕಾದ್ದು ಇದೇ ಎಂದು ನಂಬಿದ್ದೆ. ಎಂ.ಎಸ್ಸಿ.ವರೆಗೆ ಓದಿದ್ದೂ ಹೀಗೆ ನಂಬಬಹುದು. ನೋಟ್ ಬುಕ್ಕಿನಿಂದ ಮೂರು ಹಾಳೆ ಹರಿದು, ನಿಮಗೆ ಹೊಸ ಆವೃತ್ತಿಯಲ್ಲಿ ಏನು ಬೇಕೋ ಬರೆದು ಕೊಡಿ ಎಂದು ಮೂವರಿಗೂ ಕೊಟ್ಟೆ.

ಮುಂದಿನ ವಾರ ಮೂರೂ ಬಂದವು. ಮೂರೂ ಅರ್ಜಿಗಳು. ಕೇಳುವುದೆಂದರೆ ಅವರಿಗೆ ಗೊತ್ತಿದ್ದ ರೀತಿ ಅದೊಂದೇ. ಮೇಷ್ಟ್ರು ‘ಇವರಿಂದ’, ‘ಇವರಿಗೆ’, ‘ವಿಷಯ’ ಎಲ್ಲವನ್ನೂ ಬರೆದು ಕೆಳಗೆ ‘ತಮ್ಮ ವಿಶ್ವಾಸಿ’ ಎಂದು ಸಹಿ ಹಾಕಿದ್ದರು. ಅವರ ಮಂತ್ರವಾದಿಗೆ ಯುದ್ಧ ಗೆದ್ದು ಮೇಲಿನ ಹಂತಕ್ಕೆ ಏರುವುದು ಬೇಡವಾಗಿತ್ತು. ಸೇವಾ ಹಿರಿತನದ ಮೇಲೆ, ಇಷ್ಟು ಭಾನುವಾರಕ್ಕೊಂದು ಎಂದು ಬಡ್ತಿ ಕೊಡಬೇಕು. ಕಾಡಿನ ಮೂಲೆಯಲ್ಲಿ ಇರುವವನಿಗೆ ಊರ ಹತ್ತಿರಕ್ಕೆ ವರ್ಗ ಕೇಳುವ ಅವಕಾಶವೂ ಇರಬೇಕು.

ಪಿರಿಯಾಪಟ್ಟಣದ ಗೆಳೆಯನ ಮುಖ್ಯ ಬೇಡಿಕೆ, ರೆಕ್ಕೆಯ ಘಟಸರ್ಪವನ್ನು ತೆಗೆದು ಆನೆಯನ್ನು ಹಾಕಬೇಕು ಎಂಬುದು. ನಾನು ಅದನ್ನು ಎರಡನೆಯ ಸಲ ಓದುವುದನ್ನು ನೋಡಿ ಅವನೇ ವಿವರಿಸಿದ. “ಆನೆ ಬಂದ್ರೆ ಏನ್ಮಾಡ್ಬೇಕು ಅಂತ ಗೊತ್ತು ಸಿಸ್ಟರ್. ತಮ್ಟೆ ಬಡೀಬೋದು, ಪಟಾಕಿ ಹೊಡೀಬೋದು. ಬೆಳೆ ಹೋದ್ರೆ ಪರಿಹಾರಕ್ಕೆ ಅರ್ಜಿ ಹಾಕ್ಬೋದು. ಈ ರೆಕ್ಕೆ ಇರೋದ್ ಬಂದ್ರೆ ಯಾವ್ ಆಫೀಸ್ಗೋಗಾದು?”

ಭಯವೂ ತನಗೆ ಪರಿಚಯದ್ದೇ ಆಗಿರಬೇಕು, ಅದಕ್ಕೊಂದು ಪರಿಹಾರದ ಮೊತ್ತವೂ ಇರಬೇಕು. ಇಂಥವನು ಎರಡು ಬಸ್ಸು ಹತ್ತಿ ಬಂದು ಕಾಲ್ಪನಿಕ ಲೋಕಕ್ಕೆ ಯಾಕೆ ಹೋಗಬೇಕು ಎಂದು ನನಗೆ ಅರ್ಥವಾಗಲಿಲ್ಲ.

ಅಣ್ಣನ ಅರ್ಜಿಯಲ್ಲಿ ನಾಲೆ ನೀರಿನ ಸರದಿ, ಬದುವಿನ ತಗಾದೆ, ಪಹಣಿ, ಎಲ್ಲಕ್ಕೂ ನಿಯಮ ಬೇಕಿತ್ತು. ಕೊನೆಯದು ಹೀಗಿತ್ತು: ‘ಒಬ್ಬರ ಕವಡೆಯನ್ನು ಇನ್ನೊಬ್ಬರ ಕೈಯಲ್ಲಿ ಹಾಕಿಸಬಹುದು ಎಂಬುದನ್ನು ಲಿಖಿತವಾಗಿ ಸೇರಿಸತಕ್ಕದ್ದು.’ ಇದುವರೆಗೆ ಬಾಯಿಮಾತಿನಲ್ಲಿ ನಡೆದಿದ್ದು ಇನ್ನು ಕಾನೂನಾಗಬೇಕು. ಮೂರು ಅರ್ಜಿಗಳಲ್ಲೂ ಸಮಾನವಾಗಿದ್ದ ಬೇಡಿಕೆ ಒಂದೇ: ಯಾರೂ ಸಾಯಬಾರದು. ಎರಡು ವರ್ಷದಲ್ಲಿ ಯಾರಿಗೂ ಮೂಗಿನಿಂದ ರಕ್ತ ಕೂಡ ಬಂದಿರಲಿಲ್ಲ.

ಅತ್ತಿಗೆಗೆ ನಾನು ಹಾಳೆ ಕೊಟ್ಟಿರಲಿಲ್ಲ. ಮೂರು ಹರಿದಾಗ ನಾಲ್ಕನೆಯದು ಹರಿಯಬೇಕೆಂದು ತೋಚಿರಲಿಲ್ಲ. ಅವರಿಗೂ ಏನಾದರೂ ಬೇಕಿರಬಹುದು ಎಂದು ಗೊತ್ತಾದದ್ದು ಆ ದಿನ ಸಂಜೆ, ಹಿತ್ತಲಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ. ಅವರು ಮೊರದಿಂದ ತಲೆ ಎತ್ತದೆ, ಹೊಸದನ್ನು ಬರೆಯುವುದು ನೀನೇ ತಾನೇ ಎಂದು ಕೇಳಿದರು. ಹೌದು ಎಂದೆ.

“ನಂಗೊಂದು ಬೇರೆ ಹಾಳೆ ಬೇಕು ಕಣವ್ವ,” ಎಂದರು.

ಏನು ಪಾತ್ರ ಎಂದು ಕೇಳಿದೆ.

“ಪಾತ್ರ ಆಮೇಲ್ ನೋಡನ. ಮೊದ್ಲು ಹಾಳೆ. ಪಿನ್ ಹೊಡೀದೆ ಇರೋದು. ನಾನ್ ಹಾಕಿದ್ ಎಂಟು ನನ್ ಹಾಳೇಲಿ ಬರೀಬೇಕು.”

ಎಂಥ ಸಣ್ಣ ಬೇಡಿಕೆ ಎನಿಸಿತು ನನಗೆ. ಮೂರು ಉದ್ದದ ಅರ್ಜಿಗಳನ್ನು ಓದಿ ರೇಗಿದ್ದ ತಲೆಗೆ ಹಿತವೂ ಆಯಿತು. ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ. ಮನೆಯಲ್ಲಿ ಅವರಿಗೆ ಯಾರಾದರೂ ಮಾತು ಕೊಟ್ಟಿದ್ದು ಅಪರೂಪವಿರಬೇಕು. ಸುಲಿದ ಕಾಳನ್ನು ನನ್ನ ಮೊರದಿಂದಲೂ ತಾವೇ ಬಾಚಿಕೊಂಡು ಒಳಗೆ ಹೋದರು.

ಹಾಸ್ಟೆಲಿನಲ್ಲಿ ಕೂತು ಎರಡು ತಿಂಗಳು ಬರೆದೆ. ಪಟ್ಟಿಗಳನ್ನು ಕವಡೆಗೆ ಸರಿಯಾಗಿ ಬದಲಿಸಿದೆ. ಎಂಟು ಬಿದ್ದರೆ ನಿಜವಾಗಿ ಅದ್ಭುತವಾಗುವಂತೆ, ಒಂದು ಬಿದ್ದರೆ ನಿಜವಾಗಿ ನಷ್ಟವಾಗುವಂತೆ ಮಾಡಿದೆ. ಸಾವು ಇಟ್ಟೆ, ಆದರೆ ಅಪರೂಪಕ್ಕೆ. ಗಂಡಸರ ಉಳಿದ ಬೇಡಿಕೆಗಳನ್ನೂ ಅಸಡ್ಡೆಯಿಂದಲೇ ಸೇರಿಸಿದೆ: ನಾಲೆ, ಬದು, ಬಡ್ತಿ, ಆನೆ. ಇನ್ನೂ ಒಂದು ಬೇಡಿಕೆಯನ್ನು ಸೇರಿಸುವಂತಿರಲಿಲ್ಲ. ಅಣ್ಣ ಕೊನೆಯಲ್ಲಿ ಕೇಳಿದ್ದನ್ನು ಒಪ್ಪಿದರೆ ಅತ್ತಿಗೆಯ ಕೈ ಅವನ ಹಾಳೆಗೇ ಸೇರುತ್ತಿತ್ತು.

ನನ್ನ ಬಳಿ ಒಂದು ಆಯುಧವಿತ್ತು. ಮೊದಲ ಭಾನುವಾರದಿಂದಲೂ ಯಾರು ಕವಡೆ ಹಾಕಿದರು, ಏನು ಬಿತ್ತು ಎಂಬುದನ್ನೆಲ್ಲ ಬರೆದಿಡುತ್ತಿದ್ದೆ. ಅದು ಓದಿನ ಚಟ. ಎರಡು ವರ್ಷದ ಪುಟಗಳನ್ನು ಕೂಡಿಸಿ ನೋಡಿದೆ. ಅತ್ತಿಗೆಯ ಕೈಯಲ್ಲಿ ಎಂಟು ಬಿದ್ದ ಪ್ರಮಾಣ ಮೇಷ್ಟ್ರ ಕೈಯಲ್ಲಿ ಬಿದ್ದಷ್ಟೇ, ಗೆಳೆಯನ ಕೈಯಲ್ಲಿ ಬಿದ್ದಷ್ಟೇ. ಅತ್ತಿಗೆಯ ಎಂಟುಗಳು ಹೆಚ್ಚಾಗಿ ಕಾಣುತ್ತಿದ್ದುದು ಅವರು ಹೆಚ್ಚು ಸಲ ಹಾಕುತ್ತಿದ್ದುದರಿಂದ. ಮನೆ ಅಣ್ಣನದು, ಜಗುಲಿ ಅಣ್ಣನದು. ಮಾತುಮಾತಿಗೂ ಪಾಳೆಯಗಾರನದೇ ಸರದಿ. ಕೈಗುಣವೆಂಬುದು ಇಲ್ಲ ಎಂದು ತೋರಿಸಿದರೆ ಅಣ್ಣನಿಗೆ ಅತ್ತಿಗೆಯ ಕೈ ಬೇಕಾಗುವುದಿಲ್ಲ, ಅವರು ತಮ್ಮ ಹಾಳೆಗೆ ಬಿಡುಗಡೆಯಾಗುತ್ತಾರೆ. ಇದು ನನ್ನ ತರ್ಕ. ಒಂದೊಂದು ಹೆಜ್ಜೆಯೂ ಸರಿಯಾಗಿತ್ತು.

ಹೊಸ ಆವೃತ್ತಿಯನ್ನು ಓದಿದ ಭಾನುವಾರ ಜಗುಲಿಯಲ್ಲಿ ಮೂವರೂ ನ್ಯಾಯಕ್ಕೆ ಕೂತವರಂತೆ ಕೂತಿದ್ದರು. ಅತ್ತಿಗೆ ಕಂಬಕ್ಕೊರಗಿ, ಅಣ್ಣನ ಸ್ವಲ್ಪ ಹಿಂದೆ ಕೂತಿದ್ದರು. ಅದು ಅವರ ಎಂದಿನ ಜಾಗ. ನಾಲೆಯ ನಿಯಮಕ್ಕೆ ಅಣ್ಣ ತಲೆದೂಗಿದ. ಬಡ್ತಿಯ ನಿಯಮವನ್ನು ಮೇಷ್ಟ್ರು ಎರಡು ಸಲ ಓದಿಸಿದರು. ಪಟ್ಟಿಗಳ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಕೊನೆಗೆ ನಾನು, ಅತ್ತಿಗೆಗೆ ಬೇರೆ ಹಾಳೆ, ಅವರ ಕವಡೆ ಅವರಿಗೇ ಎಂದು ಓದಿದೆ.

ಅಣ್ಣ ನಕ್ಕ. “ಒಂದ್ಮನೇಲಿರೋರ್ಗೆ ಎರಡ್ ಹಾಳೆ ಯಾಕವ್ವ?”

“ರೇಷನ್ ಕಾರ್ಡ್ ಬೇರೆ ಮಾಡಿಸ್ದಂಗಾಯ್ತು ಭಾಗವತರೇ,” ಎಂದರು ಮೇಷ್ಟ್ರು. “ನಾಳೆ ಸೀಮೆಎಣ್ಣೆನೂ ಬೇರೆ ಕೇಳ್ತಾರೆ.”

ಗೆಳೆಯ ಬಿದ್ದುಬಿದ್ದು ನಕ್ಕ. ಅತ್ತಿಗೆ ನಗಲಿಲ್ಲ, ಎದ್ದೂ ಹೋಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಅಣ್ಣ, ಹಾಗಾದರೆ ನನ್ನ ಕವಡೆ ಯಾರು ಹಾಕುತ್ತಾರೆ, ಅವಳ ಕೈಗುಣದಿಂದಲೇ ಇಷ್ಟೆಲ್ಲ ಆಗಿರುವುದು ಎಂದ. ನಾನು ಕಾಯುತ್ತಿದ್ದ ಮಾತು ಅದು. ನೋಟ್ ಬುಕ್ ತೆರೆದು ಎರಡು ವರ್ಷದ ಲೆಕ್ಕವನ್ನು ನಿಧಾನವಾಗಿ, ಪ್ರೈಮರಿ ಮಕ್ಕಳಿಗೆ ಹೇಳುವಂತೆ ಹೇಳಿದೆ. ಯಾರು ಹಾಕಿದರೂ ಒಂದೇ. ಕೈಗುಣ ಎಂಬುದಿಲ್ಲ. ಪಾಳೆಯಗಾರನಿಗೆ ಎಂಟು ಹೆಚ್ಚು ಬಿದ್ದಿರುವುದು ಅವನು ಇತರರ ಸರದಿಯನ್ನು ತಿಂದಿರುವುದರಿಂದ. ಕೊನೆಯ ವಾಕ್ಯವನ್ನು ಹೇಳುವ ಅಗತ್ಯವಿರಲಿಲ್ಲ. ಎರಡು ವರ್ಷದಿಂದ ನಾಲಿಗೆಯ ತುದಿಯಲ್ಲಿತ್ತು, ಹೇಳಿದೆ.

ಮೇಷ್ಟ್ರು ನೋಟ್ ಬುಕ್ ಇಸಿದುಕೊಂಡು ಎರಡು ಪುಟ ತಿರುವಿ, ಲೆಕ್ಕ ಸರಿಯಾಗಿದೆ ಎಂದರು. ಅಣ್ಣ ಕವಡೆಗಳನ್ನು ತಾನೇ ತೆಗೆದುಕೊಂಡು ಹಾಕಿದ. ನಾಲ್ಕು ಬಿತ್ತು.

“ಸರಿ ಬುಡು,” ಎಂದ. “ಅಂಗಾದ್ರೆ ಇವಳ್ಯಾಕೆ ಇಲ್ಲಿ ಕೂತಿರಾದು?”

ನಾನು ಹಾಳೆಯ ವಿಷಯ ಎತ್ತಿದೆ. ಅವನಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. ಒಳಗಿನಿಂದ ದೊಡ್ಡಮ್ಮನ ದನಿ ಬಂತು. ಬಾಗಿಲ ಹಿಂದೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೆಲಸವಿಲ್ಲದ ಮೇಲೆ ಗಂಡಸರ ನಡುವೆ ಯಾಕೆ, ಒಳಗೆ ಬಾ, ಸಾರಿಗೆ ಅರೆಯುವುದಿದೆ ಎಂದರು. ಅತ್ತಿಗೆ ಎದ್ದು ಸೆರಗು ಕೊಡವಿಕೊಂಡು ಒಳಗೆ ಹೋದರು. ನನ್ನ ಕೈಯಲ್ಲಿ ಅವರಿಗೆಂದು ಗೆರೆ ಎಳೆದು ತಂದಿದ್ದ ಖಾಲಿ ಹಾಳೆ ಇತ್ತು.

ಆಗ ನನಗೆ ಹೊಳೆದದ್ದನ್ನು ಯಾವ ಪೆದ್ದನಾದರೂ ಮೊದಲೇ ಕಂಡುಕೊಳ್ಳುತ್ತಿದ್ದ. ಆ ಮನೆಯಲ್ಲಿ ಅತ್ತಿಗೆಯನ್ನು ಜಗುಲಿಯವರೆಗೆ ತಂದಿದ್ದುದೇ ಕೈಗುಣ. ಅವರ ಬಳಿ ಇದ್ದ ಒಂದೇ ಒಂದು ರುಜುವಾತು ಅದು. ಅದನ್ನು ನಾನು ಲೆಕ್ಕ ಸಮೇತ ಸುಳ್ಳು ಮಾಡಿದ್ದೆ.

ಅಡುಗೆಮನೆಗೆ ಹೋಗಿ ಕ್ಷಮೆಯಂಥದ್ದೇನೋ ಹೇಳಲು ನೋಡಿದೆ. ಅವರು ಒರಳುಕಲ್ಲಿನಿಂದ ಕೈ ತೆಗೆಯಲಿಲ್ಲ.

“ಲೆಕ್ಕ ಸರ್ಯಾಗೇ ಇರ್ಬೋದು ಕಣವ್ವ. ಅದ್ನ ಅವರ್ ಮುಂದೆ ಆಡಕ್ ಮುಂಚೆ ನನ್ನ ಒಂದ್ ಮಾತ್ ಕೇಳ್ಬೋದಿತ್ತು,” ಎಂದರು.

ಹೊಸ ಆವೃತ್ತಿಯಲ್ಲಿ ಮೂರು ಭಾನುವಾರ ಆಟ ನಡೆಯಿತು. ನನ್ನ ಪಟ್ಟಿಗಳು ನಾನು ಎಣಿಸಿದಂತೆಯೇ ಕೆಲಸ ಮಾಡಿದವು, ಅದೇ ತೊಂದರೆ. ಒಂದು ಬಿದ್ದಾಗ ನಷ್ಟವಾಯಿತು. ಎರಡನೆಯ ವಾರ ಕೂಲಿ ಸೈನಿಕನನ್ನು ಅವನೇ ಕೇಳಿ ಹಾಕಿಸಿಕೊಂಡಿದ್ದ ಆನೆ ಎತ್ತಿ ಎಸೆಯಿತು. ಅವನು ಹುಣಸೂರಿನ ಬಸ್ಸು ಹಿಡಿಯುವವರೆಗೂ ಪರಿಹಾರ ಕೇಳುತ್ತಿದ್ದ. ಮಂತ್ರವಾದಿಗೆ ಬಡ್ತಿ ಬಂತು. ಬಂದ ಮೇಲೆ ಮಾಡುವುದಕ್ಕೇನೂ ಇಲ್ಲದೆ ಮೇಷ್ಟ್ರು ಆಕಳಿಸಿದರು. ಪಾಳೆಯಗಾರನ ಗದ್ದೆಗೆ ನಾಲೆ ಒಡೆದು ನೀರು ನುಗ್ಗಿತು. ಮೂರನೆಯ ವಾರಕ್ಕೆ ಅವನ ಅರ್ಧ ಜಮೀನು ಮರಳಾಗಿತ್ತು. ಅಣ್ಣ ನನ್ನನ್ನು ದಿಟ್ಟಿಸಿ, ಇದು ಆಟವಾ ಎಂದು ಕೇಳಿದ. ಅವನಿಗೆ ಬೇಕಾಗಿದ್ದ ಹೊಸದು ಏನೆಂದರೆ, ಹಳೆಯದರ ಮೇಲೆ ಹೊಸ ರಟ್ಟು.

ನಾಲ್ಕನೆಯ ಭಾನುವಾರ ಮೂರು ಸಲ ಒಂದು ಬಿದ್ದ ಮೇಲೆ ಅವನು ಕವಡೆ ಹಿಡಿದುಕೊಂಡೇ ಒಳಗಿನ ಕಡೆ ತಿರುಗಿದ.

“ಏ, ಬಾ ಇಲ್ಲಿ. ಒಂದ್ಸಲ ಹಾಕ್ಕೊಟ್ಟು ಹೋಗು.”

ಒಳಗಿನಿಂದ ಅತ್ತಿಗೆ, ಎಂದಿನ ದನಿಯಲ್ಲೇ, “ನಿಮ್ ತಂಗಿ ಲೆಕ್ಕ ಹಾಕವ್ರಲ್ಲ. ಯಾರ್ ಹಾಕುದ್ರೂ ಒಂದೇಯ,” ಎಂದರು.

ಮೇಷ್ಟ್ರು ನಗು ತಡೆಯಲು ಕೆಮ್ಮಿದರು. ಅಣ್ಣ ಎದ್ದು ಬಾಗಿಲವರೆಗೆ ಹೋಗಿ ದನಿ ತಗ್ಗಿಸಿ ಏನೋ ಹೇಳಿದ. ದೊಡ್ಡಮ್ಮನೂ, ಹೋಗಿ ಬಾರವ್ವ, ಅವನ ಮುಖ ನೋಡಕ್ಕಾಗಲ್ಲ ಎಂದರು. ಅತ್ತಿಗೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಲ್ಲಿ ಬಂದು ನಿಂತರು.

“ನಂದೇ ಹಾಳೆ ಆದ್ರೆ ಬತ್ತೀನಿ. ನನ್ ಕವಡೆ ನಂಗೆ.”

“ಮತ್ತೆ ನಂಗೆ?”

“ಬೋಣಿ ಮಾಡ್ಕೊಡ್ತೀನಿ. ದಿನದ್ ಮೊದ್ಲನೇದೊಂದು. ಆಮ್ಯಾಕೆ ನಿಮ್ ಕೈ ನಿಮ್ದು.”

ಅಣ್ಣ ಚೌಕಾಸಿ ಮಾಡಿದ. ಐದು ಕೇಳಿದ, ಮೂರಕ್ಕೆ ಇಳಿದ. ಅತ್ತಿಗೆ ಒಂದರಲ್ಲೇ ನಿಂತರು. ಅಷ್ಟೆಲ್ಲ ಓದಿದ ನಾನು ಎರಡು ತಿಂಗಳು ಕೂತು ಕೊಡಿಸಲಾರದ್ದನ್ನು ಅವರು ಹೊಸ್ತಿಲಲ್ಲಿ ನಿಂತು ತೆಗೆದುಕೊಂಡರು. ಅದೂ ನಾನು ಸುಳ್ಳೆಂದು ತೋರಿಸಿದ ಕೈಗುಣವನ್ನೇ ಒತ್ತೆಯಿಟ್ಟು. “ಕೊಟ್ಬುಡು ಅತ್ಲಾಗೆ,” ಎಂದ ಅಣ್ಣ, ನನ್ನ ಕಡೆ ನೋಡದೆ. ಕೊಟ್ಟೆ. ಅತ್ತಿಗೆ ಕಂಬದ ಬಳಿ ಹೋಗಲಿಲ್ಲ. ಚಾಪೆಯ ಮೇಲೆ ಮೇಷ್ಟ್ರ ಎದುರಿಗೆ ಕೂತರು.

ಒಪ್ಪಂದದಂತೆ ಅಣ್ಣನ ಬೋಣಿ ಮಾಡಿಕೊಟ್ಟರು. ಒಂದು ಬಿತ್ತು. ಪಾಳೆಯಗಾರ ತನ್ನ ಕೊನೆಯ ತೋಟವನ್ನೂ ಕಳೆದುಕೊಂಡ. ಅಷ್ಟರಲ್ಲಿ ಪಂಪಿಗೆ ಕರೆಂಟು ಬಂದಿತೆಂದು ಯಾರೋ ಕೂಗಿದರು. ಅಣ್ಣ ಅದನ್ನೇ ಕಾಯುತ್ತಿದ್ದವನಂತೆ ಎದ್ದು ಗದ್ದೆಯ ಕಡೆ ಹೋದ. ಗೆಳೆಯನಿಗೆ ಬಸ್ಸಿಗೆ ಹೊತ್ತಾಯಿತು. ಅವನನ್ನು ಹತ್ತಿಸಲು ಮೇಷ್ಟ್ರೂ ಎದ್ದರು. ಅತ್ತಿಗೆಯ ಸರದಿ ಬರುವ ಹೊತ್ತಿಗೆ ಜಗುಲಿಯಲ್ಲಿ ನಾವಿಬ್ಬರೇ. ಅವರಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಹೊಸಬರಿಗೆ ಜಮೀನಿಲ್ಲ, ಬರಿಗೈಯಲ್ಲಿ ಶುರುಮಾಡಬೇಕು ಎಂದು ನಿಯಮ ಓದಿ ಹೇಳಿದೆ. ಅತ್ತಿಗೆ ತಲೆಯಾಡಿಸಿದರು. ಬೇಕಾದರೆ ಪಾಳೆಯಗಾರನ ಗದ್ದೆಯನ್ನು ವಾರಕ್ಕೆ, ಬೆಳೆಯಲ್ಲಿ ಪಾಲು ಕೊಟ್ಟು, ಮಾಡಬಹುದು ಎಂದೆ.

“ಗದ್ದೆ ಬ್ಯಾಡ. ಹೊಳೆ ಅದೆ ಅಲ್ವಾ ಇದ್ರಲ್ಲಿ? ದೋಣಿ ಹತ್ತುತೀನಿ. ಆಚೆಗೆ ಏನದೆ?”

ಎರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೊಳೆಯಾಚೆಗೆ ಒಂದು ಕಾಲದಲ್ಲಿ ನನ್ನ ಬಳಿ ಬೇಕಾದಷ್ಟಿತ್ತು: ಪಾಳುಬಿದ್ದ ಕೋಟೆ, ಉಪ್ಪು ಮಾರುವವರ ಊರು, ಹೆಸರಿಡದ ಬೆಟ್ಟ. ಬದುವಿಗೆ, ನೀರಿನ ಸರದಿಗೆ, ಬಡ್ತಿಗೆ ಜಾಗ ಬೇಕೆಂದು ಹೊಸ ಆವೃತ್ತಿಯಿಂದ ಅವನ್ನೆಲ್ಲ ತೆಗೆದುಹಾಕಿದ್ದೆ. ಯಾರೂ ಹೋಗುವುದಿಲ್ಲ ಎಂಬ ಧೈರ್ಯ. ಆಚೆ ದಡದಲ್ಲಿ ಒಂದು ಊರಿದೆ ಎಂದೆ.

“ಊರು ಈಚೇಲೂ ಅದೆ. ಬೇರೆ?”

ಕಾಡಿದೆ ಎಂದೆ. ಕಾಡಿನಲ್ಲಿ ಏನು ಎಂದು ಕೇಳಿದರು. ಮರಗಳು ಎಂದೆ. ನನ್ನ ಕಿವಿಗೇ ಅದು ನಾಚಿಕೆಗೇಡಾಗಿ ಕೇಳಿಸಿತು.

“ಅಷ್ಟೇನಾ?” ಎಂದರು ಅತ್ತಿಗೆ. ಹಂಗಿಸುವ ದನಿಯಲ್ಲ. ಸಂತೆಗೆ ಹೋದವರು ಬರಿಚೀಲ ಹಿಡಿದು ಬಂದಾಗ ಕೇಳುವ ದನಿ. “ಎರಡ್ ವರ್ಸ ಏನ್ ಬರ್ದೆ ಮತ್ತೆ ನೀನು?”

ಹೊಸ ಆವೃತ್ತಿಯನ್ನು ಮುಚ್ಚಿ ಪಕ್ಕಕ್ಕಿಟ್ಟೆ. ದೋಣಿ ದಡ ಮುಟ್ಟಿದೆ, ಇಳಿಯುವ ಕಡೆ ಪಾಚಿಕಟ್ಟಿದ ಕಲ್ಲಿದೆ, ಕವಡೆ ಹಾಕಿ ಅತ್ತಿಗೆ, ಕಾಲು ಜಾರುತ್ತದೋ ನೋಡೋಣ ಎಂದೆ. ಯೋಚಿಸಲು ಅಷ್ಟು ಹೊತ್ತಾದರೂ ಸಿಗುತ್ತಿತ್ತು.

ಅವರು ಕವಡೆಗಳನ್ನು ಎರಡೂ ಕೈಯಲ್ಲಿ ಕುಲುಕಿ ಚಾಪೆಯ ಮೇಲೆ ಬಿಟ್ಟರು. ಎರಡು. ಜಾರಿತು, ಆದರೆ ಬೀಳಲಿಲ್ಲ ಎಂದೆ, ಮೊಣಕಾಲವರೆಗೆ ನೀರು.

“ಸೀರೆ ನೆಂದಿರ್ತದೆ, ಇರ್ಲಿ ಬುಡು,” ಎಂದು ಅತ್ತಿಗೆ ತಮ್ಮ ಹಾಳೆಯಲ್ಲಿ ತಾವೇ ಅದನ್ನು ಬರೆದುಕೊಂಡರು. “ಮುಂದಕ್ಕೇಳು.”